ಷರಾ

ಫುಜೈರಾದ ಗುಡ್ಡಗಳಿಗೆ ಮೈಮೇಲೆ ಬಟ್ಟೆಯಿಲ್ಲ.
ಒಂದು ಹುಲ್ಲುಕಡ್ಡಿಯೂ ಇಲ್ಲದೆ ನಿಂತು
ಬಂದರಿನ ಎಣ್ಣೆ ಟ್ಯಾಂಕುಗಳನ್ನು ನೋಡುತ್ತವೆ.
ನನಗೆ ಅವು ಐದು ವರ್ಷದಿಂದ ಬರೀ ಬಸ್ಸಿನ ಕಿಟಕಿ.
ಹವಾಲ್ದಾರ್ ಯಮನಪ್ಪ ಹಾದಿಮನಿಯವರಿಗೆ ಹಾಗಲ್ಲ.

ಟೋಕನ್ ನಲವತ್ತೇಳು.
ಇನ್ಶೂರೆನ್ಸ್ ಕೌಂಟರಿನ ಗಾಜಿನಾಚೆಯಿಂದ
ನನ್ನ ಬ್ಯಾಡ್ಜು ಓದಿದರು, ಜೆಸಿಂತಾ,
"ಮಂಗಳೂರು ಕಡೀಯವ್ರೇನ್ರಿ? ಕನ್ನಡ ಬರ್ತೈತಿ?"
ಬರುತ್ತದೆ, ಶಿರ್ವ, ಅಂದೆ. ಅವರದು ಸವದತ್ತಿ.
ಗಾಜಿನ ತೂತಿನಲ್ಲಿ ಎರಡು ಕನ್ನಡ ಸ್ವಲ್ಪ ಹೊತ್ತು
ಒಂದನ್ನೊಂದು ಮೂಸಿ ನೋಡಿಕೊಂಡವು.

"ರಾತ್ರಿ ಪಾಳಿರಿ. ಗೇಟ್ ನಂಬರ್ ಮೂರು.
ಗುಡ್ಡ ನನ್ನ ನೋಡ್ತೈತಿ.
ಹಿಮ ಇಲ್ಲ ಅನ್ನೂದೊಂದು ಬಿಟ್ರ
ಅದೇ ಕಲ್ಲು, ಅದೇ ನೆರಳು, ಅದೇ ಮೂರೂವರಿ ಗಂಟಿ."

ಡಾಕ್ಟರು ಬರೆದಿದ್ದರು: ಮನೋವೈದ್ಯರು, ವಾರಕ್ಕೊಮ್ಮೆ, ಆರು ತಿಂಗಳು.
ಒಂದು ಸಲಕ್ಕೆ ನಾನೂರೈವತ್ತು ದಿರ್ಹಮ್.
ಸಂಬಳ ಸಾವಿರದ ಆರುನೂರು.
ಟೈಪ್ ಮಾಡಿದೆ. ಪರದೆ ಕೆಂಪಾಯಿತು:
ಕೆಲಸಕ್ಕೆ ಸೇರುವ ಮೊದಲೇ ಇದ್ದ ಕಾಯಿಲೆ. ಪಾಲಿಸಿಯ ಹೊರಗೆ.

ಅವರು ಪ್ಲಾಸ್ಟಿಕ್ ಚೀಲದಿಂದ ಇನ್ನೊಂದು ಕಾಗದ ತೆಗೆದರು,
ಮಡಿಕೆಗಳಲ್ಲಿ ಹರಿದು ಅಂಟುಪಟ್ಟಿ ಹಚ್ಚಿದ್ದು, ಸೈನ್ಯದ ಮೊಹರಿನದು:
ಈ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ.
"ಅವರಂತಾರ, ನಮ್ಮಲ್ಲಿ ಹತ್ತಿದ್ದಲ್ಲ.
ನೀವಂತೀರಿ, ಅಲ್ಲೇ ಹತ್ತಿದ್ದು.
ಹಂಗಾರ ವಿಮಾನದಾಗ ಹತ್ತಿತೇನ್ರಿ ಇದು?"
ನಕ್ಕರು. ನಾನೂ ನಗಬೇಕಾಯಿತು.
ಹಿಂದಿನ ಟೋಕನ್ನಿನ ಹೆಂಗಸು
ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

ಆಮೇಲೆ ಮಾಜಿ ಸೈನಿಕರ ಕಾರ್ಡು. ಇಲ್ಲಿ ಅದು ಬರೀ ಒಂದು ಫೋಟೊ.
"ಬೆಳಗಾವಿ ಆಸ್ಪತ್ರಿಗೆ ಮೂವತ್ತೆಂಟು ಸಾವಿರ ಕೈಯಿಂದ ಕಟ್ಟೇನಿ.
ಫೈಲು ಎರಡು ವರ್ಷದಿಂದ ನಡಕೋತ ಹೊಂಟೈತಿ.
ನನಗಿಂತ ಗಟ್ಟಿ ಕಾಲು ಅದಕ್ಕ."

ನಾನು ದನಿ ತಗ್ಗಿಸಿದೆ.
ತಲೆನೋವು ಅಂತ ಬರೆಸಿಕೊಂಡು ಬನ್ನಿ,
ತಲೆನೋವಿಗೆ ಕೊಡುತ್ತಾರೆ, ನೂರಕ್ಕೆ ಎಂಬತ್ತು.
ಯಾಕೆ ಹೇಳಿದೆನೋ. ಈ ಕುರ್ಚಿಯಲ್ಲಿ ಕೂತು ಕೂತು
ಸುಳ್ಳನ್ನು ಗುಳಿಗೆಯ ಹಾಗೆ ಪೊಟ್ಟಣ ಕಟ್ಟಿ ಕೊಡುವುದು
ರೂಢಿಯಾಗಿದೆ.

ಬಹಳ ಹೊತ್ತು ಸುಮ್ಮನಿದ್ದರು.
"ಬ್ಯಾಡ್ರಿ. ಒಮ್ಮೆ ಹಂಗ ಹೇಳೇನಿ.
ವಾಯರ್‌ಲೆಸ್ಸಿನ್ಯಾಗ ಕೇಳಿದ್ರು, ಎಲ್ಲಾ ಸರಿ ಐತೇನು ಅಂತ.
ನಿದ್ದಿ ಹತ್ತಿತ್ತು ನನಗ. ಕಣ್ಣು ತೆರೀದನ ಸರಿ ಐತ್ರಿ ಅಂದೆ.
ಮೂರು ಮಂದಿ ಮ್ಯಾಲ ಹತ್ತಿದ್ರು."

ಮುಂದಿನದು ಹೇಳಲಿಲ್ಲ.
ಕರವಸ್ತ್ರ ತೆಗೆದು ಗಾಜು ಒರೆಸತೊಡಗಿದರು,
ನನ್ನ ಕಡೆ ಇದ್ದ ಕಲೆಯನ್ನು
ಆ ಕಡೆಯಿಂದ.

ಗೇಟ್ ಮೂರರ ರಿಜಿಸ್ಟರಿನಲ್ಲಿ ಗಂಟೆಗೊಮ್ಮೆ ಬರೆಯಬೇಕಂತೆ:
ವೇಳೆ. ಸಹಿ. ಷರಾ: ಎಲ್ಲಾ ಸರಿ.
ಹನ್ನೊಂದು ರಾತ್ರಿಗಳಿಂದ ಷರಾ ಖಾಲಿ.
ಎರಡು ವಾರ್ನಿಂಗ್ ಆಗಿದೆ. ಮೂರನೆಯದು ಟಿಕೆಟ್ಟು.

ಅಪೀಲು ಹಾಕಿದೆ.
ಹದಿನಾಲ್ಕು ಕೆಲಸದ ದಿನ, ಎಂದಿತು ಪರದೆ.
ನಿಂತಲ್ಲೇ ಅವರ ಹಿಮ್ಮಡಿಗಳು ಕೂಡಿಕೊಂಡವು, ಅಷ್ಟೆ.
ಟೋಕನ್ ಚೀಟಿ ಬುಟ್ಟಿಗೆ ಹಾಕದೆ
ಕಾರ್ಡಿನ ಜೊತೆ ಜೇಬಿಗಿಟ್ಟುಕೊಂಡರು.

ರಾತ್ರಿ ಬಸ್ಸು ಟ್ಯಾಂಕುಗಳ ಬೇಲಿಗುಂಟ ಹೋಗುವಾಗ
ಗೇಟ್ ಮೂರರಿಂದ ಒಂದು ಟಾರ್ಚು ಗುಡ್ಡ ಹತ್ತುತ್ತಿತ್ತು.
ಒಂದೊಂದೇ ಕಲ್ಲು ಮುಟ್ಟಿ, ಎಲ್ಲೋ ನಿಂತು,
ಇಳಿದು, ಮತ್ತೆ ಬುಡದಿಂದ.
ಎಷ್ಟನೆಯ ಸಲವೋ. ಕಿಟಕಿಗೆ ಹಣೆಯಿಟ್ಟು ನಾನೂ ಎಣಿಸಿದೆ,
ಒಂದು, ಎರಡು,
ಬಸ್ಸು ತಿರುಗಿತು.